ಗೋಧಿಯನ್ನು ಒಲ್ಲದ ಕರುಳು

ಚಾಮರಾಜನಗರದಿಂದ ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಗೆ ಸಾಗುವ ಪಯಣಿಗನಿಗೆ ಹಾದಿಯ ಇಕ್ಕೆಲಗಳಲ್ಲಿಯೂ ಕಾಣುವುದು ರಾಗಿ, ಜೋಳ, ಹುರುಳಿ, ಅರಿಸಿನ, ಬಾಳೆ. ಕಾಲ ಕೂಡಿ ಬಂದರೆ ಸೂರ್ಯಕಾಂತಿ, ಚೆಂಡುಹೂವು. ಗೋಧಿಯ ಹೊಲವನ್ನು ಹುಡುಕಿ ಹೊರಟವನು ಬರಿಗೈಯಲ್ಲಿ ಮರಳಬೇಕಾದೀತು. ಆದರೆ ಅದೇ ಪಯಣಿಗನು ಗುಂಡ್ಲುಪೇಟೆಯಲ್ಲಿ ಬಸ್ಸಿನಿಂದಿಳಿದು, ಹಸಿವಾಯಿತೆಂದು ಯಾವುದಾದರೂ ಹೋಟೆಲನ್ನು ಹೊಕ್ಕರೆ ಅವನಿಗೆ ಎದುರಾಗುವುದು ಪೂರಿ, ಚಪಾತಿ, ಪರೋಟ, ಉಪ್ಪಿಟ್ಟು, ಕೇಸರಿಬಾತು. ಪಕ್ಕದ ಬೇಕರಿಯಲ್ಲಿ ಬನ್ನು, ರಸ್ಕು, ಬಿಸ್ಕತ್ತು. ಹೊಲದಲ್ಲಿಲ್ಲದ ಗೋಧಿ ಎಲೆಯ ಮೇಲೆ ಬಂದು ಕುಳಿತಿದೆ.

ಇದು ಬಂದ ಬಗೆಯೂ ದೊಡ್ಡ ರಹಸ್ಯವೇನಲ್ಲ. 1956ರಲ್ಲಿ ಭಾರತ ಮತ್ತು ಅಮೆರಿಕಗಳ ನಡುವೆ ಆದ ಒಪ್ಪಂದದ ತರುವಾಯ ಹಡಗು ಹಡಗಾಗಿ ಬಂದ ಗೋಧಿ, ದಕ್ಷಿಣದ ನ್ಯಾಯಬೆಲೆ ಅಂಗಡಿಗಳನ್ನೂ ತಲಪಿತು. ಅನಂತರ ಮಧುಮೇಹ ಹೆಚ್ಚಿ, ‘ರಾತ್ರಿ ಅನ್ನ ಬಿಟ್ಟು ಚಪಾತಿ ತಿನ್ನಿ’ ಎಂಬ ಸಲಹೆ ಮನೆಮನೆಯ ಮಾತಾಯಿತು. ಮುದ್ದೆಯ ನಾಡಿನಲ್ಲಿ ಇಂದು ಎಷ್ಟೋ ಮನೆಗಳ ರಾತ್ರಿಯ ಊಟವೆಂದರೆ ಚಪಾತಿಯೇ.

ಬಹುಮಂದಿಗೆ ಇದರಿಂದ ಬಾಧಕವಿಲ್ಲ. ಆದರೆ ಎಲ್ಲೋ ಒಂದು ಮನೆಯಲ್ಲಿ ಮಗು ಬೆಳೆಯುವುದಿಲ್ಲ. ಹೊಟ್ಟೆ ಉಬ್ಬಿ ಕೈಕಾಲು ಸಣ್ಣದಾಗುತ್ತದೆ; ಭೇದಿ ನಿಂತಿತೆನ್ನುವಷ್ಟರಲ್ಲಿ ಮತ್ತೆ ಬರುತ್ತದೆ. ತಾಯಿ ಹರಕೆ ಹೊರುತ್ತಾಳೆ, ಜಂತುಹುಳುವಿನ ಔಷಧಿ ಹಾಕಿಸುತ್ತಾಳೆ. ಮೈಗೆ ಪುಷ್ಟಿಯಾಗಲೆಂದು ಹಾಲಿಗೆ ಮಾಲ್ಟ್ ಪುಡಿಯನ್ನು ಬೆರೆಸಿ ಕುಡಿಸುತ್ತಾಳೆ, ಬಿಸ್ಕತ್ತನ್ನು ಅದ್ದಿ ತಿನ್ನಿಸುತ್ತಾಳೆ. ಮಾಲ್ಟ್ ಎಂದರೆ ಸಾಮಾನ್ಯವಾಗಿ ಮೊಳಕೆ ಬರಿಸಿದ ಬಾರ್ಲಿ. ಬಿಸ್ಕತ್ತು ಮೈದಾ ಹಿಟ್ಟು. ಮಗುವಿಗೆ ಸೀಲಿಯಾಕ್ ರೋಗವಿದ್ದ ಪಕ್ಷದಲ್ಲಿ, ಪಾಪ, ಆ ತಾಯಿ ವಾತ್ಸಲ್ಯದಿಂದಲೇ ಅದಕ್ಕೆ ವಿಷವನ್ನು ಉಣಿಸುತ್ತಿರುತ್ತಾಳೆ.

ಹಿಟ್ಟಿನೊಳಗಿನ ಅಂಟು

ಚಪಾತಿಯ ಕಣಕವನ್ನು ಎಳೆದರೆ ಹರಿಯದೆ ಹಿಗ್ಗುವುದನ್ನು ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಆ ಕಣಕವನ್ನು ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆದರೆ ಬಿಳಿಯ ಪಿಷ್ಟವೆಲ್ಲ ಹರಿದುಹೋಗಿ, ಕೈಯಲ್ಲಿ ರಬ್ಬರಿನಂಥ ಜಿಗುಟು ಮುದ್ದೆಯೊಂದು ಉಳಿಯುತ್ತದೆ. ಅದೇ ಗ್ಲುಟೆನ್. ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿಯೂ ಇದರ ಬಳಗದ ಸಸಾರಜನಕಗಳಿವೆ. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆಗಳಲ್ಲಿ ಇದಿಲ್ಲ. ರಾಗಿ ಹಿಟ್ಟು ಚಪಾತಿಯ ಹಾಗೆ ಲಟ್ಟಣಿಗೆಗೆ ಒಗ್ಗದೆ, ಬೇಯಿಸಿ ತೊಳಸಿ ಮುದ್ದೆ ಕಟ್ಟಬೇಕಾದದ್ದೂ, ಕೈಯಲ್ಲಿ ತಟ್ಟಿ ರೊಟ್ಟಿ ಮಾಡಬೇಕಾದದ್ದೂ ಈ ಕಾರಣದಿಂದಲೇ.

ನಮ್ಮ ಸಣ್ಣ ಕರುಳಿನ ಒಳಮೈಯಲ್ಲಿ ಮಖಮಲ್ಲಿನ ನವಿರಿನಂತೆ ಲಕ್ಷಾಂತರ ಸೂಕ್ಷ್ಮ ಕುಚ್ಚುಗಳಿವೆ. ಅನ್ನದ ಸಾರವನ್ನು ಹೀರಿ ರಕ್ತಕ್ಕೆ ಒಪ್ಪಿಸುವುದು ಅವುಗಳ ಕೆಲಸ. ಸೀಲಿಯಾಕ್ ರೋಗಿಯ ಶರೀರದ ರಕ್ಷಣಾ ವ್ಯವಸ್ಥೆ ಗ್ಲುಟೆನ್ನನ್ನು ಕಂಡೊಡನೆ ಶತ್ರುವೆಂದು ಭ್ರಮಿಸಿ, ತನ್ನ ಕರುಳಿನ ಮೇಲೆಯೇ ಆಯುಧವೆತ್ತುತ್ತದೆ. ಕುಚ್ಚುಗಳು ಸವೆದು ನೆಲಸಮವಾಗುತ್ತವೆ. ಆ ಮೇಲೆ ಎಷ್ಟು ಉಂಡರೂ ಕಬ್ಬಿಣ, ಸುಣ್ಣ, ಕೊಬ್ಬು, ಜೀವಸತ್ವಗಳು ಮೈಗೆ ಹತ್ತುವುದಿಲ್ಲ. ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ. ದೊಡ್ಡವರಲ್ಲಿ ಭೇದಿಯೇ ಇಲ್ಲದೆ ಬರಿಯ ರಕ್ತಹೀನತೆ, ಬಾಯಿಹುಣ್ಣು, ಮೂಳೆಯ ದೌರ್ಬಲ್ಯಗಳಷ್ಟೇ ಕಾಣಿಸಿಕೊಳ್ಳಬಹುದು.

ಲಂಡನ್ನಿನ ವೈದ್ಯ ಸ್ಯಾಮುಯೆಲ್ ಗೀ ಈ ವ್ಯಾಧಿಯ ಲಕ್ಷಣಗಳನ್ನು ಸ್ಪಷ್ಟವಾಗಿ ವರ್ಣಿಸಿದ್ದು 1888ರಲ್ಲಿ. ಗುಣವಾಗುವುದಾದರೆ ಪಥ್ಯದಿಂದಲೇ ಆಗಬೇಕೆಂದೂ ಅವನು ಹೇಳಿದ; ಯಾವ ಪಥ್ಯವೆಂಬುದು ಮಾತ್ರ ತಿಳಿಯಲಿಲ್ಲ. ಅದನ್ನು ತಿಳಿಸಿದವನು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಗೋಧಿಯ ಮೇಲೆ ಅವನಿಗೆ ಯುದ್ಧಕ್ಕೆ ಮೊದಲೇ ಗುಮಾನಿಯಿತ್ತು. 1944–45ರ ಚಳಿಗಾಲದಲ್ಲಿ ಹಾಲೆಂಡಿಗೆ ಘೋರ ಕ್ಷಾಮ ಬಂದೊದಗಿತು, ರೊಟ್ಟಿ ಮಾಯವಾಯಿತು. ನಾಡೆಲ್ಲ ಹಸಿವಿನಿಂದ ಕಂಗೆಟ್ಟಿರುವಾಗ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡವು! ಮತ್ತೆ ರೊಟ್ಟಿ ಬಂದಾಗ ಮತ್ತೆ ಹಾಸಿಗೆ ಹಿಡಿದವು. ಡಿಕ್ಕೆ ತನ್ನ ಶೋಧನೆಗಳನ್ನು 1950ರಲ್ಲಿ ಪ್ರಬಂಧವಾಗಿ ಮಂಡಿಸಿದನು. ಅಂದಿನಿಂದ ಇಂದಿನವರೆಗೂ ಈ ರೋಗಕ್ಕೆ ಸಿದ್ಧ ಚಿಕಿತ್ಸೆಯೆಂದರೆ ಒಂದೇ: ಜೀವಮಾನಪೂರ್ತಿ ಗ್ಲುಟೆನ್ ವರ್ಜ್ಯ. ವರ್ಜಿಸಿದರೆ ಸವೆದ ಕುಚ್ಚುಗಳು ಕಾಲಕ್ರಮದಲ್ಲಿ ಮತ್ತೆ ಚಿಗುರುತ್ತವೆ.

ತೆಂಕಣದವರಿಗೆ ಈ ರೋಗವಿಲ್ಲವೆ?

‘ಇದು ಪಂಜಾಬಿನವರ ಕಾಯಿಲೆ’ ಎಂಬ ಭಾವನೆ ಬಹುಕಾಲ ಬಲವಾಗಿತ್ತು. ಡಾ. ಬಿ. ಎಸ್. ರಾಮಕೃಷ್ಣ ಮತ್ತು ಸಂಗಡಿಗರು ದೇಶದ ಮೂರು ಭಾಗಗಳಲ್ಲಿ 23,331 ಮಂದಿಯನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ವರದಿ ಈ ವಿಷಯದ ಮೇಲೆ ಬೆಳಕು ಚೆಲ್ಲಿತು. ಉತ್ತರದಲ್ಲಿ ನೂರಕ್ಕೆ 1.23 ಜನರ ರಕ್ತದಲ್ಲಿ ಈ ರೋಗವನ್ನು ಸೂಚಿಸುವ ಪ್ರತಿಕಾಯಗಳಿದ್ದರೆ ದಕ್ಷಿಣದಲ್ಲಿ 0.10. ಆದರೆ ಸೋಜಿಗದ ಸಂಗತಿಯೆಂದರೆ, ರೋಗಕ್ಕೆ ಎಡೆಗೊಡುವ ವಂಶವಾಹಿಗಳು ಎರಡೂ ಕಡೆ ಹೆಚ್ಚುಕಡಮೆ ಸಮನಾಗಿಯೇ ಇದ್ದವು. ವ್ಯತ್ಯಾಸವಿದ್ದದ್ದು ಊಟದಲ್ಲಿ: ದಿನವೊಂದಕ್ಕೆ ಉತ್ತರದವರು ಉಣ್ಣುವ ಗೋಧಿ ಸರಾಸರಿ 455 ಗ್ರಾಂ, ದಕ್ಷಿಣದವರದು 25 ಗ್ರಾಂ. ಬೀಜ ಇಲ್ಲಿಯೂ ಇದೆ. ನೀರು ಬೀಳುವುದು ಕಡಮೆ, ಅಷ್ಟೆ.

2011ರ ಜನಗಣತಿಯಂತೆ ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ ಹತ್ತು ಲಕ್ಷಕ್ಕೆ ತುಸು ಹೆಚ್ಚು. ಆ ಸಮೀಕ್ಷೆ ಈ ಜಿಲ್ಲೆಯಲ್ಲಿ ನಡೆದದ್ದಲ್ಲವಾದರೂ, ಅದರ ಲೆಕ್ಕವನ್ನೇ ಹಿಡಿದರೆ ರಕ್ತದಲ್ಲಿ ಇಂಥ ಪ್ರತಿಕಾಯಗಳುಳ್ಳವರು ಸುಮಾರು ಸಾವಿರ ಮಂದಿಯಾಯಿತು; ರೋಗ ಖಚಿತವಾಗುವವರು ಅದಕ್ಕಿಂತ ಕಡಮೆ. ವಿರಳವಾದುದರಿಂದಲೇ ಇವರ ಕಷ್ಟ ಹೆಚ್ಚು. ರಕ್ತಹೀನತೆಯೆಂದರೆ ಕಬ್ಬಿಣದ ಮಾತ್ರೆ, ಭೇದಿಯೆಂದರೆ ಭೇದಿಯ ಮಾತ್ರೆ. ಗೋಧಿಯ ಮೇಲೆ ಯಾರಿಗೆ ಸಂದೇಹ ಬಂದೀತು? ಬಂದರೆ ಮೊದಲು ರಕ್ತಪರೀಕ್ಷೆ, ಅನಂತರ ನಳಿಕೆಯ ಮೂಲಕ ಕರುಳಿನ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ವಾಡಿಕೆ. ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ: ಪರೀಕ್ಷೆಗೆ ಮುನ್ನ ತಾನಾಗಿ ಗೋಧಿಯನ್ನು ಬಿಟ್ಟವರಲ್ಲಿ ರೋಗದ ಗುರುತು ಅಳಿಸಿಹೋಗಿ, ಫಲಿತಾಂಶ ದಾರಿ ತಪ್ಪಿಸಬಹುದು. ರೋಗ ಖಚಿತವಾದ ಮೇಲೆ ಒಡಹುಟ್ಟಿದವರನ್ನೂ ತಂದೆತಾಯಿಯರನ್ನೂ ಪರೀಕ್ಷಿಸುವುದು ಲೇಸು.

ಇಂಗಿನ ಡಬ್ಬಿ, ಹಿಟ್ಟಿನ ಗಿರಣಿ

ಚಪಾತಿಯನ್ನು ಬಿಡುವುದು ಸುಲಭ. ಗೋಧಿಯ ಹೆಸರು ಹೇಳದೆ ಬರುವ ಗೋಧಿಯನ್ನು ಬಿಡುವುದೇ ಕಷ್ಟ. ಉಪ್ಪಿಟ್ಟಿನ ರವೆ, ಅಂಗಡಿಯ ಶ್ಯಾವಿಗೆ, ಒಬ್ಬಟ್ಟಿನ ಕಣಕ ಎಲ್ಲವೂ ಗೋಧಿಯ ಸಂತಾನ. ನಿಪ್ಪಟ್ಟಿಗೆ ಅಕ್ಕಿಹಿಟ್ಟಿನ ಜೊತೆ ಮೈದಾ ಬೆರೆಸುವುದುಂಟು. ಪೂರಿ ಕರಿದ ಎಣ್ಣೆಯಲ್ಲೇ ಹಪ್ಪಳ ಕರಿದರೆ ಹಪ್ಪಳವೂ ಸಲ್ಲದು. ಎಲ್ಲಕ್ಕಿಂತ ಕಪಟಿಯೆಂದರೆ ಇಂಗು! ಶುದ್ಧ ಇಂಗು ಅತಿ ಘಾಟಾದ ಅಂಟು. ಆದುದರಿಂದ ಅಂಗಡಿಯ ಡಬ್ಬಿಗಳಲ್ಲಿ ಬರುವುದು ಹೆಚ್ಚಾಗಿ ಗೋಧಿ ಅಥವಾ ಮೈದಾ ಹಿಟ್ಟಿನೊಡನೆ ಕಲಸಿದ್ದು. ಅನ್ನ ತಿಳಿಸಾರು ಉಂಡೆನೆಂದು ನಿಶ್ಚಿಂತನಾದವನಿಗೆ ಒಗ್ಗರಣೆಯಿಂದಲೇ ಪೆಟ್ಟು ಬೀಳಬಹುದು.

ಇನ್ನು ಗಿರಣಿ. ಗೋಧಿ ಬೀಸಿದ ಯಂತ್ರದಲ್ಲಿಯೇ ರಾಗಿ ಬೀಸಿಸಿ ತಂದರೆ ಮೂಲೆಮೂಲೆಯಲ್ಲಿ ಉಳಿದ ಹುಡಿ ರಾಗಿಗೆ ಸೇರುತ್ತದೆ. ‘ಗ್ಲುಟೆನ್ ರಹಿತ’ ಎಂದು ಬರೆಯಬೇಕಾದರೆ ಕಿಲೋ ಒಂದಕ್ಕೆ 20 ಮಿಲಿಗ್ರಾಂ ಮೀರಕೂಡದೆಂಬುದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಗಿರಣಿಯ ಒಂದು ಹಿಡಿ ಗೋಧಿಹಿಟ್ಟು ಈ ಮಿತಿಯನ್ನು ಎಷ್ಟು ಬೇಗ ದಾಟಿಸೀತೆಂಬುದನ್ನು ಓದುಗರೇ ಊಹಿಸಬಹುದು. ರಾಗಿಗೇ ಬೇರೆ ಯಂತ್ರವಿರುವ ಗಿರಣಿ ಸಿಕ್ಕರೆ ಸರಿ. ಇಲ್ಲವಾದರೆ ಮನೆಯ ಬೀಸುವ ಕಲ್ಲೇ ಗತಿ. ಮಾದಪ್ಪನು ಸುತ್ತೂರು ಮಠದಲ್ಲಿ ರಾಗಿ ಬೀಸಿದ ಕಥೆಯನ್ನು ಕೇಳಿ ಬೆಳೆದ ಸೀಮೆಯಲ್ಲಿ ಅದೇನೂ ಅವಮಾನದ ಕೆಲಸವಲ್ಲ. ತೋಳಿಗೆ ಮಾತ್ರ ತ್ರಾಸ.

ಆದರೆ ಅಡಿಗೆಮನೆಗಿಂತ ಕಠಿನವಾದ ಸ್ಥಳ ಬಂಧುಗಳ ಮನೆ. ಸತ್ಯನಾರಾಯಣ ಪೂಜೆಯ ಪ್ರಸಾದ ರವೆಯ ಸಜ್ಜಿಗೆ. ಅದನ್ನು ಬೇಡವೆನ್ನುವುದು ಹೇಗೆ? ‘ಒಂದ್ ಚೂರು ತಿಂದ್ರ ಏನಾದ್ದು ಕೂಸು?’ ಎಂದು ಅಜ್ಜಿ ಅಕ್ಕರೆಯಿಂದ ಕೈಗೆ ಹಾಕಿದರೆ ಮಗು ಏನು ಮಾಡಬೇಕು? ಆ ಒಂದು ಚೂರೇ ಕರುಳನ್ನು ಕೆರಳಿಸಲು ಸಾಕೆಂಬುದನ್ನು ಅಜ್ಜಿಗೆ ತಿಳಿಯಹೇಳುವುದು ವೈದ್ಯರಿಗೂ ಸುಲಭವಲ್ಲ. ತಿಂದ ಕ್ಷಣವೇ ಏನೂ ಆಗದಿರಬಹುದು. ಅದರಿಂದ ಅಜ್ಜಿಯ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ. ದೇವರ ಮುಂದಿಟ್ಟ ಬಾಳೆಹಣ್ಣೂ ಪ್ರಸಾದವೇ ಎಂದು ಜಾಣತನದಿಂದ ಅದನ್ನೆತ್ತಿ ಕೊಡುವ ಹಿರಿಯರಿರುವ ಮನೆ ಪುಣ್ಯವಂತರದು.

ಇಷ್ಟೆಲ್ಲ ಕಷ್ಟಗಳ ನಡುವೆಯೂ ಈ ರೋಗಿ ದೆಹಲಿಯಲ್ಲಿ ಹುಟ್ಟುವುದಕ್ಕಿಂತ ಗುಂಡ್ಲುಪೇಟೆಯಲ್ಲಿ ಹುಟ್ಟುವುದು ಮೇಲು. ಅಲ್ಲಿ ಪ್ರತಿ ಊಟವೂ ರೊಟ್ಟಿಯ ಸುತ್ತಲೇ ಸುತ್ತುತ್ತದೆ. ಪಟ್ಟಣಗಳ ಅಂಗಡಿಗಳಲ್ಲಿ ‘ಗ್ಲುಟೆನ್ ರಹಿತ’ ಎಂಬ ಚೀಟಿ ಅಂಟಿಸಿದ ಹಿಟ್ಟಿಗೆ ದುಬಾರಿ ಬೆಲೆ. ಇಲ್ಲಿ ಉಪ್ಸಾರು, ಅದರ ಖಾರ, ಬಸಿದ ಸೊಪ್ಪು, ಹುರುಳಿಕಾಳು, ಬಿಸಿ ಮುದ್ದೆ. ಬೆಳ್ಳುಳ್ಳಿ, ಮೆಣಸು, ಜೀರಿಗೆಗಳಿಂದಲೇ ಘಮಘಮಿಸುವ ಈ ಸಾರು ಇಂಗನ್ನು ಕೇಳುವುದಿಲ್ಲ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕ ಸುಣ್ಣದ ಅಂಶವಿದೆ. ಮೂಳೆ ಸವೆದ ರೋಗಿಗೆ ಅದು ಬೇಕಾದದ್ದೇ. ಬೆಳಗಿಗೆ ಇಡ್ಲಿ, ಅಕ್ಕಿರೊಟ್ಟಿ. ಹಬ್ಬಕ್ಕೆ ಕಜ್ಜಾಯ, ಮನೆಯಲ್ಲೇ ಒತ್ತಿದ ಅಕ್ಕಿಯ ಶ್ಯಾವಿಗೆ. ಕೂಸಿಗೆ ರಾಗಿ ಸರಿ.

ಮದುವೆಮನೆಗೆ ಹೋಗುವಾಗ ಮಾತ್ರ ಬುತ್ತಿ ಕಟ್ಟಿಕೊಳ್ಳಬೇಕು. ಪಂಕ್ತಿಯಲ್ಲಿ ಕುಳಿತು, ಬಡಿಸುವವರಿಗೆ ಅಡ್ಡ ಕೈಯೊಡ್ಡಿ, ತನ್ನ ಡಬ್ಬಿಯನ್ನು ಬಿಚ್ಚುವ ಮಗುವಿನ ಕಡೆ ನಾಲ್ಕು ಜನ ತಿರುಗಿ ನೋಡುವರು. ಆಗ ಪಕ್ಕದಲ್ಲಿ ಕುಳಿತ ತಾಯಿಯೋ ಸೋದರತ್ತೆಯೋ ತಾನೂ ಎಲೆಯ ಮೇಲಿನ ಒಬ್ಬಟ್ಟನ್ನು ಬದಿಗೆ ಸರಿಸಿ ಅದೇ ಡಬ್ಬಿಗೆ ಕೈ ಹಾಕಿದರೆ, ಮಗು ತಲೆಯೆತ್ತಿ ಉಣ್ಣುತ್ತದೆ.