ವೇಗ ಹೆಚ್ಚಿಸಿದರೆ ಹಿಂದೆ ಬೀಳುವುದು: ಬಾಹ್ಯಾಕಾಶ ಗೇಮ್ ತೋರಿಸುವುದು ನಿಜವೇ?

‘ಕೆರ್ಬಲ್ ಸ್ಪೇಸ್ ಪ್ರೋಗ್ರಾಂ’ ಗೇಮ್‌ನಲ್ಲಿ ನಾವೇ ರಾಕೆಟ್ ಕಟ್ಟಿ ಹಾರಿಸಬಹುದು. ಹೊಸಬರ ದೂರು ಒಂದೇ: ಕಕ್ಷೆಯಲ್ಲಿ ಮುಂದಿರುವ ನೌಕೆಯನ್ನು ಹಿಡಿಯಲು ವೇಗ ಹೆಚ್ಚಿಸಿದರೆ, ಅದು ಇನ್ನೂ ದೂರವಾಗುತ್ತದೆ. ಗೇಮ್‌ನಲ್ಲೇ ದೋಷವಿದೆಯೇ?

ಇಲ್ಲ. ಬಿಟಿಎಂ ಲೇಔಟ್‌ನಿಂದ ಬನಶಂಕರಿಗೆ ರಿಂಗ್ ರೋಡಿನಲ್ಲಿ ಹೋಗುವಾಗ ಆಕ್ಸಿಲರೇಟರ್ ಕೊಟ್ಟರೆ ಮುಂದಿನ ಬೈಕ್ ಸಿಗುತ್ತದೆ, ರಸ್ತೆ ಬದಲಾಗುವುದಿಲ್ಲ. ಕಕ್ಷೆಯಲ್ಲಿ ವೇಗ ಬದಲಾದರೆ ದಾರಿಯೇ ಬದಲಾಗುತ್ತದೆ. ವೇಗ ಹೆಚ್ಚಿಸಿದ ನೌಕೆ ಮೇಲೇರಿ ದೊಡ್ಡ ಸುತ್ತು ಹಾಕುತ್ತದೆ, ಅದಕ್ಕೆ ಹೆಚ್ಚು ಹೊತ್ತು ಬೇಕು. ವೇಗ ತಗ್ಗಿಸಿದರೆ ಕೆಳಗಿಳಿದು, ಚಿಕ್ಕ ಸುತ್ತನ್ನು ಬೇಗ ಮುಗಿಸಿ ಮುಂದಿನದನ್ನು ಸಮೀಪಿಸುತ್ತದೆ.

1965ರಲ್ಲಿ ನಾಸಾದ ಜೆಮಿನಿ 4 ನೌಕೆ ತನ್ನದೇ ರಾಕೆಟ್ಟಿನ ಕಳಚಿದ ಭಾಗದತ್ತ ನೇರವಾಗಿ ನುಗ್ಗಲು ಹೋಗಿ, ಇಂಧನ ವ್ಯಯಿಸಿ, ಪ್ರಯತ್ನ ಕೈಬಿಟ್ಟಿತು. ಕಕ್ಷೆಯ ಈ ಲೆಕ್ಕ ಸರಿಯಾದರೆ ಮಾತ್ರ ಎರಡು ನೌಕೆಗಳು ಸೇರಬಲ್ಲವು. ಇಸ್ರೊದ ಸ್ಪೇಡೆಕ್ಸ್ ಯೋಜನೆಯ ಎರಡು ಉಪಗ್ರಹಗಳು 2025ರ ಜನವರಿ 16ರಂದು ಜೋಡಣೆಯಾದವು. ಅವುಗಳ ನಿಯಂತ್ರಣ ನಡೆದದ್ದು ನಮ್ಮ ಬೆಂಗಳೂರಿನಿಂದಲೇ.

ಆದರೆ ಗೇಮ್‌ನ ಎಲ್ಲವನ್ನೂ ನಂಬಬೇಕಿಲ್ಲ. ಅದರಲ್ಲಿನ ಕೆರ್ಬಿನ್ ಗ್ರಹದ ತ್ರಿಜ್ಯ 600 ಕಿ.ಮೀ.; ಭೂಮಿಯದು ಸುಮಾರು 6,371 ಕಿ.ಮೀ. ಹಾಗಾಗಿ ಅಲ್ಲಿ ಕಕ್ಷೆ ತಲುಪುವುದು ಸುಲಭ. ಕಕ್ಷೆಯ ನಿಯಮ ಮಾತ್ರ ಎರಡೂ ಕಡೆ ಒಂದೇ.