ಹರಿಗೋಲು ಹೊರುವ ಲೆಕ್ಕ

ಒಂದು ಹಿಡಿ ಜೇಡಿಮಣ್ಣನ್ನು ಉಂಡೆ ಮಾಡಿ ಬಕೆಟ್ಟಿನ ನೀರಿಗೆ ಬಿಟ್ಟರೆ ಅದು ನೇರವಾಗಿ ತಳ ಸೇರುತ್ತದೆ. ಅದೇ ಮಣ್ಣನ್ನು ತಟ್ಟಿ, ಅಂಚು ಎತ್ತಿ, ತೆಳುವಾದ ಬಟ್ಟಲಾಗಿ ಮಾಡಿ ಮೆಲ್ಲಗೆ ನೀರಿನ ಮೇಲಿಟ್ಟರೆ ತೇಲುತ್ತದೆ. ಮಣ್ಣಿನ ತೂಕ ಅಷ್ಟೇ ಇದೆ. ಹಾಗಾದರೆ ಬದಲಾದದ್ದೇನು?

ಬದಲಾದದ್ದು ಮಣ್ಣು ಸರಿಸುವ ನೀರಿನ ಪ್ರಮಾಣ. ಉಂಡೆ ತನ್ನ ಗಾತ್ರದಷ್ಟು ನೀರನ್ನು ಮಾತ್ರ ಸರಿಸಬಲ್ಲದು; ಆ ನೀರು ಉಂಡೆಗಿಂತ ಹಗುರ. ಬಟ್ಟಲು ಟೊಳ್ಳಾದುದರಿಂದ ಹೆಚ್ಚು ನೀರನ್ನು ಸರಿಸುತ್ತದೆ. ಸರಿದ ನೀರಿನ ತೂಕ ಬಟ್ಟಲಿನ ತೂಕಕ್ಕೆ ಸಮನಾದೊಡನೆ ಅದು ಇನ್ನೂ ಕೆಳಗಿಳಿಯುವುದು ನಿಲ್ಲುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಆರ್ಕಿಮಿಡೀಸ್ ಹೇಳಿದ ನಿಯಮವಿದು.

ಈ ನಿಯಮದ ದುಡಿಮೆಯನ್ನು ಕಾವೇರಿಯಲ್ಲಿ ಕಾಣಬಹುದು. ಕೊಳ್ಳೇಗಾಲದ ಬಳಿ ಶಿವನಸಮುದ್ರದಲ್ಲಿ ಧುಮುಕುವ ನದಿ ಮುಂದೆ ಹನೂರು ತಾಲ್ಲೂಕಿನ ಅಂಚಿನಲ್ಲಿ ಹರಿದು ಹೊಗೇನಕಲ್ ತಲಪುತ್ತದೆ. ಅಲ್ಲಿ ಜನರನ್ನು ಹೊರುವುದು ಹರಿಗೋಲು. ಬಿದಿರಿನ ಈ ದುಂಡು ಬುಟ್ಟಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಟಾರು ಬಳಿಯುವುದುಂಟು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ತುಂಗಭದ್ರೆಯಲ್ಲಿ ಇಂಥ ದೋಣಿಗಳು 15-20 ಜನರನ್ನು ಹೊರುತ್ತಿದ್ದುದನ್ನು ದಾಖಲಿಸಿದ್ದಾನೆ.

ಇಷ್ಟು ಭಾರ ಹೊರುವುದು ಹೇಗೆ? ತಳದ ವ್ಯಾಸ 2 ಮೀಟರ್, ಗೋಡೆ ನೆಟ್ಟಗಿದೆ ಎಂದಿಟ್ಟುಕೊಳ್ಳೋಣ. ತಳದ ವಿಸ್ತೀರ್ಣ ಸುಮಾರು 3.14 ಚದರ ಮೀಟರ್. ಹರಿಗೋಲು 1 ಸೆಂಟಿಮೀಟರ್ ಇಳಿದರೆ ಸರಿಯುವ ನೀರು ಸುಮಾರು 31 ಲೀಟರ್; ಅದರ ತೂಕ 31 ಕಿಲೊಗ್ರಾಂ. 62 ಕಿಲೊ ತೂಕದ ಒಬ್ಬರು ಹತ್ತಿದರೆ 2 ಸೆಂಟಿಮೀಟರ್ ಇಳಿಯುತ್ತದೆ. ಅಂಥ ಎಂಟು ಮಂದಿಗೆ 16 ಸೆಂಟಿಮೀಟರ್. ಹತ್ತುವ ಪ್ರತಿಯೊಬ್ಬರೂ ನೀರಿಗೂ ಅಂಚಿಗೂ ನಡುವಿನ ಅಂತರವನ್ನು ಅಷ್ಟಷ್ಟು ಕಡಿಮೆ ಮಾಡುತ್ತಾರೆ.

ಅಪಾಯ ಅಂಚಿನಲ್ಲಿದೆ. ಅಂಚು ದಾಟಿ ಒಳಬಂದ ನೀರೂ ಭಾರವೇ. ಆ ಭಾರಕ್ಕೆ ದೋಣಿ ಮತ್ತಷ್ಟು ಇಳಿದು, ಇನ್ನಷ್ಟು ನೀರು ನುಗ್ಗುತ್ತದೆ.

ಮಣ್ಣಿನ ಬಟ್ಟಲಿನಲ್ಲೇ ಇದನ್ನು ಪರೀಕ್ಷಿಸಬಹುದು. ನಡುವೆ ಒಂದೊಂದಾಗಿ ಹುಣಸೆ ಬೀಜ ಇಡುತ್ತ ಹೋಗಿ, ಅಂಚು ನೀರಿಗೆ ತೀರ ಹತ್ತಿರವಾದಾಗ ನಿಲ್ಲಿಸಬೇಕು. ಇನ್ನೊಂದು ಬೀಜವನ್ನೂ ಸೇರಿಸದೆ, ಇದ್ದವನ್ನೇ ಒಂದು ಬದಿಗೆ ಸರಿಸಿದರೆ ಸಾಕು, ಬಟ್ಟಲು ವಾಲಿ ಮುಳುಗುತ್ತದೆ. ನದಿಯ ನಡುವೆ ಯಾರೂ ಏಳಬೇಡಿ, ಒಂದೇ ಕಡೆ ವಾಲಬೇಡಿ ಎಂದು ಅಂಬಿಗ ಹೇಳುವುದು ಇದೇ ಕಾರಣಕ್ಕೆ. ಹತ್ತುವ ಮುನ್ನ ತಲೆ ಎಣಿಸುವುದೂ, ಜೀವರಕ್ಷಕ ಜಾಕೆಟ್ ತೊಡುವುದೂ ಅದೇ ಲೆಕ್ಕಕ್ಕೆ ಸೇರಿದ್ದು.