ಕಿವುಡು ಕೂಸೂ ಆಯಸ್ಕಾಂತದ ಕಿರುಸುರುಳಿಯೂ

ಕಲಬುರಗಿಯ ಗಾಜಿಪುರದ ಓಣಿಗಳಲ್ಲಿ ನಸುಕಿನಿಂದಲೇ ಸಪ್ಪಳವು ಆರಂಭವಾಗುತ್ತದೆ. ಗುಡಿಯ ಗಂಟೆ, ಮಸೀದಿಯ ಬಾಂಗು, ಕಾಯಿಪಲ್ಯದವರ ಕೂಗು, ಕೊಡಪಾನಗಳ ಸದ್ದು, ಇವುಗಳ ನಡುವೆಯೇ ನಮ್ಮ ಕೂಸುಗಳು ಕಣ್ಣು ತೆರೆಯುತ್ತವೆ. ಇಂಥ ಓಣಿಯ ಮನೆಯೊಂದರಲ್ಲಿ, ತೊಟ್ಟಿಲ ಬಳಿಯೇ ತಾಟು ಬಿದ್ದರೂ ಕೂಸು ಬೆಚ್ಚಲಿಲ್ಲವೆಂದು ಎಣಿಸಿರಿ. ತಾಯಿಯ ಎದೆಯು ಝಲ್ಲೆನ್ನುವುದು. ಅಜ್ಜಿಯಾದರೋ, “ಇವರಪ್ಪಗೂ ಮಾತು ತಡಾನೇ ಬಂದಾವ, ಬಜಿ ತೇದು ನೆಕ್ಕಸು, ಎಲ್ಲಾ ಸರಿ ಆಗ್ತದ” ಎಂದು ಸಮಾಧಾನ ಹೇಳುವಳು. ಆ ಸಮಾಧಾನದಲ್ಲಿಯೇ ವರುಷವೊಂದು ಕಳೆದುಹೋಗುವುದು. ಆ ವರುಷದ ಬೆಲೆಯೆಷ್ಟೆಂಬುದನ್ನೂ, ಕಿವುಡುತನದ ಚಿಕಿತ್ಸೆಯಲ್ಲಿ ಈಗ ಮೊಳೆಯುತ್ತಿರುವ ಹೊಸ ಆಸೆಯೊಂದನ್ನೂ ವಾಚಕರ ಮುಂದಿಡಬೇಕೆಂದು ನಾವು ಬಯಸಿದ್ದೇವೆ.

ನಮ್ಮ ಒಳಗಿವಿಯಲ್ಲಿ ಶಂಖದಂತೆ ಎರಡೂವರೆ ಸುತ್ತು ಸುತ್ತಿಕೊಂಡ ನಳಿಕೆಯೊಂದುಂಟು. ಬಿಚ್ಚಿ ಅಳೆದರೆ ಅದರ ಉದ್ದವು ಸುಮಾರು 35 ಮಿಲಿಮೀಟರು ಮಾತ್ರ. ಅದರೊಳಗಿನ ಸೂಕ್ಷ್ಮವಾದ ರೋಮಕೋಶಗಳು ಸಪ್ಪಳವನ್ನು ವಿದ್ಯುತ್ಸಂದೇಶವಾಗಿ ಮಾರ್ಪಡಿಸಿ, ಸುಮಾರು 30,000 ನರದ ಎಳೆಗಳ ಮೂಲಕ ಮಿದುಳಿಗೆ ಮುಟ್ಟಿಸುತ್ತವೆ. ಶಂಖದ ಬುಡದಲ್ಲಿ ಏರುಸ್ವರಗಳೂ ತುದಿಯಲ್ಲಿ ತಗ್ಗುಸ್ವರಗಳೂ ಕೇಳಿಸುತ್ತವೆ. ಹುಟ್ಟುಗಿವುಡರಾದ ಎಷ್ಟೋ ಮಕ್ಕಳಲ್ಲಿ ಕೆಟ್ಟಿರುವುದು ಈ ಕೋಶಗಳೇ ಹೊರತು ನರವಲ್ಲ. ಹಾಗಾದರೆ ನರವನ್ನೇ ನೇರವಾಗಿ ಎಚ್ಚರಿಸಬಾರದೇಕೆ? 1957ರಲ್ಲಿ ಪ್ಯಾರಿಸ್ ನಗರದ ಜೂರ್ನೊ ಮತ್ತು ಏರಿಯೆ ಎಂಬವರು ಈ ದಾರಿಯನ್ನು ತೆರೆದರು. 1978ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಗ್ರೇಮ್ ಕ್ಲಾರ್ಕ್ ಎಂಬ ವೈದ್ಯರು ಹಲವು ವಿದ್ಯುದ್ವಾರಗಳುಳ್ಳ ಸಾಧನವನ್ನು ಕಿವಿಯೊಳಗೆ ಕೂಡಿಸಿದರು. ಇದೇ ಕಾಕ್ಲಿಯರ್ ಇಂಪ್ಲಾಂಟು.

ಆದರೆ ಇದರಲ್ಲಿ ಒಂದು ಕೊರತೆಯಿದೆ. ಕಮಲಾಪುರದ ಕೆಂಪು ಬಾಳೆಯ ತೋಟವನ್ನು ನೆನೆಯಿರಿ. ಒಂದು ಗಿಡದ ಪಾತಿಗೆ ನೀರು ಬಿಟ್ಟಾಗ ಬದುವು ಒಡೆದು ಹತ್ತಿರದ ನಾಲ್ಕು ಪಾತಿಗಳಿಗೂ ನೀರು ಹರಿದರೆ ಹೇಗೋ ಹಾಗೆ, ಶಂಖದೊಳಗಿನ ದ್ರವದಲ್ಲಿ ವಿದ್ಯುತ್ತು ಸುತ್ತಲೂ ಹರಡಿಬಿಡುತ್ತದೆ. 22 ವಿದ್ಯುದ್ವಾರಗಳಿದ್ದರೂ ಒಂದರ ಸ್ವರವು ಮತ್ತೊಂದರೊಡನೆ ಕಲೆಯುತ್ತದೆ. ಆದಕಾರಣ ಇಂಪ್ಲಾಂಟು ಪಡೆದವರಲ್ಲಿ ಅನೇಕರು ಶಾಂತವಾದ ಕೋಣೆಯಲ್ಲಿ ಮಾತನ್ನು ಚೆನ್ನಾಗಿ ತಿಳಿದರೂ, ಜಾತ್ರೆಯ ಗದ್ದಲದಲ್ಲಿ ತೊಡಕುಪಡುತ್ತಾರೆ. ಹಾಡಿನ ಮಾಧುರ್ಯವು ಅವರಿಗೆ ಪೂರ್ಣವಾಗಿ ದಕ್ಕುವುದಿಲ್ಲ.

ಈ ಕೊರತೆಯನ್ನು ನೀಗಲು ವಿಜ್ಞಾನಿಗಳು ಆಯಸ್ಕಾಂತದ ಮೊರೆಹೊಕ್ಕಿದ್ದಾರೆ. ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಏರಿಳಿದರೆ ಅದರ ಸುತ್ತಲಿನ ಕಾಂತಶಕ್ತಿಯೂ ಏರಿಳಿದು, ಹತ್ತಿರದಲ್ಲಿ ಹೊಸ ವಿದ್ಯುತ್ತನ್ನು ಹುಟ್ಟಿಸುವುದೆಂಬುದನ್ನು ಫ್ಯಾರಡೆಯು 1831ರಲ್ಲಿಯೇ ಕಂಡುಹಿಡಿದನು. ಈಗ ತೆಳುವಾದ ಹಾಳೆಯ ಮೇಲೆ ಲೋಹದ ಗೆರೆಗಳನ್ನು ಅಚ್ಚೊತ್ತಿ, ಶಂಖದೊಳಗೆ ಹಿಡಿಯುವಷ್ಟು ಚಿಕ್ಕ ಸುರುಳಿಗಳನ್ನು ರಚಿಸಲು ಯತ್ನಗಳು ನಡೆದಿವೆ. ಇಂಥ ಸುರುಳಿಯು ಹುಟ್ಟಿಸುವ ವಿದ್ಯುತ್ತಿಗೆ ಒಂದು ದಿಕ್ಕುಂಟು. ಆ ದಿಕ್ಕಿಗೆ ಹೊಂದಿದ ನರಗಳು ಮಾತ್ರ ಸುಲಭವಾಗಿ ಎಚ್ಚರಗೊಳ್ಳುತ್ತವೆ. ಪಾತಿಗೆ ಕಾಲುವೆಯನ್ನು ಬಿಡದೆ, ಬೇಕಾದ ಗಿಡದ ಬುಡಕ್ಕೇ ತಂಬಿಗೆಯಿಂದ ನೀರು ಹೊಯ್ದಂತೆ! ಮೇಲಾಗಿ, ಸುರುಳಿಯ ಲೋಹವು ದೇಹವನ್ನು ಮುಟ್ಟಬೇಕಾಗಿಯೂ ಇಲ್ಲ. 2022ರಲ್ಲಿ ಅಮೆರಿಕದ ಬಾಸ್ಟನ್ ನಗರದ ಸಂಶೋಧಕರು ಇಲಿಗಳ ಕಿವಿಯಲ್ಲಿ ಪರೀಕ್ಷಿಸಿ, ಸುರುಳಿಯ ಪ್ರಚೋದನೆಯು ವಿದ್ಯುದ್ವಾರದ್ದಕ್ಕಿಂತ ಕಿರಿದಾದ ಜಾಗದಲ್ಲಿ ನಿಲ್ಲುವುದೆಂದು ಪ್ರಕಟಿಸಿದರು.

ಆದರೂ ಅವಸರದಿಂದ ಹಿಗ್ಗಲಾಗದು. ಸುರುಳಿಗೆ ಹೆಚ್ಚಿನ ವಿದ್ಯುತ್ತು ಬೇಕು. ಅದರಿಂದ ಕಾವು ಹುಟ್ಟುತ್ತದೆ. ಚಿಕ್ಕ ಬ್ಯಾಟರಿಯು ಬೇಗನೆ ಬರಿದಾಗುತ್ತದೆ. ಈ ತೊಡಕುಗಳು ಬಗೆಹರಿದು, ಮನುಷ್ಯರಲ್ಲಿ ಅದರ ಕ್ಷೇಮವು ಸಿದ್ಧವಾಗುವ ತನಕ ಅದು ಪ್ರಯೋಗಶಾಲೆಯ ವಸ್ತುವೇ ಸರಿ.

“ಹಾಗಾದರೆ ಒಳ್ಳೆಯ ಸಾಧನವು ಬರುವ ತನಕ ಕಾಯೋಣವೇ?” ಎಂದು ಗೃಹಸ್ಥರು ಕೇಳಬಹುದು. ಕೂಡದೆಂದೇ ನಮ್ಮ ಉತ್ತರ. ಮಾತನ್ನು ಕಲಿಯುವ ಮಿದುಳಿನ ಶಕ್ತಿಯು ಮೊದಲ ಕೆಲವು ವರುಷಗಳಲ್ಲಿ ತೀವ್ರವಾಗಿದ್ದು, ಧ್ವನಿಯೇ ಮುಟ್ಟದಿದ್ದರೆ ಕ್ರಮೇಣ ಕುಂದುತ್ತದೆ. ಸಾಧನವನ್ನು ಮುಂದೆ ಬದಲಿಸಬಹುದು. ಕಳೆದ ಶೈಶವವನ್ನು ಮರಳಿ ತರಲಾಗದು.

ಆದುದರಿಂದ ಕೂಸು ದೊಡ್ಡ ಸಪ್ಪಳಕ್ಕೆ ಬೆಚ್ಚದಿದ್ದರೆ, ಆರು ತಿಂಗಳಾದರೂ ತಾಯಿಯ ದನಿಯ ಕಡೆಗೆ ತಿರುಗದಿದ್ದರೆ, ತಡಮಾಡದೆ ಸರಕಾರಿ ಆಸ್ಪತ್ರೆಯ ಕಿವಿ-ಮೂಗು-ಗಂಟಲಿನ ವಿಭಾಗದಲ್ಲಿ ತೋರಿಸತಕ್ಕದ್ದು. ಕೂಸು ಮಲಗಿರುವಾಗಲೇ ನೋವಿಲ್ಲದೆ ಶ್ರವಣಪರೀಕ್ಷೆಯನ್ನು ಮಾಡಬಹುದು. ಸೋದರಿಕೆಯ ಮದುವೆಗಳಿರುವ ಮನೆತನಗಳು ಈ ವಿಷಯದಲ್ಲಿ ಹೆಚ್ಚಿನ ಎಚ್ಚರ ವಹಿಸುವುದು ಲೇಸು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಚಿಕ್ಕ ಮಕ್ಕಳ ಇಂಪ್ಲಾಂಟಿಗೆ ಕೇಂದ್ರ ಸರಕಾರದ ನೆರವೂ, ನಮ್ಮ ರಾಜ್ಯದ ಶ್ರವಣ ಸಂಜೀವಿನಿ ಯೋಜನೆಯೂ ಉಂಟು, ಆಸ್ಪತ್ರೆಯಲ್ಲಿಯೇ ವಿಚಾರಿಸಿರಿ.

ಶಸ್ತ್ರಕ್ರಿಯೆಯಾದೊಡನೆ ಕೆಲಸವು ಮುಗಿಯಲಿಲ್ಲ. ಕೇಳಿದ್ದನ್ನು ತಿಳಿಯಲು ಕೂಸಿಗೆ ವರುಷಗಳ ಅಭ್ಯಾಸ ಬೇಕು. ರೊಟ್ಟಿ ಬಡಿಯುವಾಗ, ಎರೆಯುವಾಗ, ತೂಗುವಾಗ ಅದರೊಡನೆ ಮಾತಾಡುತ್ತಲೇ ಇರಬೇಕು. ಯಂತ್ರವು ದನಿಯನ್ನು ಕೊಟ್ಟೀತು. ಮಾತನ್ನು ಕಲಿಸುವವಳು ಅಜ್ಜಿಯೇ, ತಾಯಿಯೇ.